ಒಂದು ಚಿಗುರಿಗಾಗಿ ಜಗಳೂರಿನವರೆಗೆ

ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿದಾಗ ಬೆಳಗಿನ ಹತ್ತು ಗಂಟೆ ಇರಬಹುದು. ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ನೆರಳಿನಲ್ಲಿ ನಿಂತರೆ ಚಳಿ, ಬಿಸಿಲಿಗೆ ಬಂದರೆ ಬೆವರು. ದಾವಣಗೆರೆಯಿಂದ ಅಲ್ಲಿಗೆ ನನಗೆ ಟಿಕೆಟ್ಟಿನ ಖರ್ಚಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಕಂಡಕ್ಟರ್ ಕಾರ್ಡಿನ ಫೋಟೋ ನೋಡಿ, ನನ್ನ ಮುಖ ನೋಡಿ, “ಇದು ನೀವೇನಾ ಅಜ್ಜಿ?” ಎಂದಿದ್ದ. “ಐ ವಾಸ್,” ಎಂದೆ. ಅವನಿಗೆ ಏನು ಅರ್ಥವಾಯಿತೋ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಶೈಲಾಳ ಲ್ಯಾಬು ಇರುವ ಓಣಿಯ ತಿರುವಿನಲ್ಲೇ ವಾಸನೆ ಬಂತು. ಲ್ಯಾವೆಂಡರ್. ಆದರೆ ಹೂವಿನ ಲ್ಯಾವೆಂಡರ್ ಅಲ್ಲ, ಬೇಯಿಸಿದ ಲ್ಯಾವೆಂಡರ್. ಸೊಪ್ಪಿನ ಸಾರು ಉಕ್ಕಿ ಒಲೆಗೆ ಸುರಿದಾಗ ಬರುತ್ತದಲ್ಲ, ಅಂಥದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಮಾತ್ರ ಆ ಹೂವು ಇತ್ತು. ಓಣಿಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ, “ಎರಡು ದಿನದಿಂದ ಹಿಂಗೇ ಐತೆ ನೋಡ್ರಿ. ಆ ಅಕ್ಕಾರು ಅದೇನು ಕುದುಸ್ತಾರೋ,” ಎಂದಳು.

ಶೈಲಾ ನನ್ನ ತಂಗಿಯ ಮಗಳು. ತಂಗಿ ಈಗಿಲ್ಲ. ಐವತ್ತರ ಹತ್ತಿರವಾದ ಈ ಹುಡುಗಿ (ನನಗೆ ಇನ್ನೂ ಹುಡುಗಿಯೇ) ಮದುವೆಯ ಗೋಜಿಗೆ ಹೋಗದೆ ಚನ್ನಗಿರಿಯಲ್ಲಿ ಒಂದು ಟಿಶ್ಯೂ ಕಲ್ಚರ್ ಲ್ಯಾಬು ನಡೆಸುತ್ತಾಳೆ. ಹೊಟ್ಟೆಪಾಡಿಗೆ ಬಾಳೆ ಸಸಿ. ಮನಸ್ಸಿಗೆ ಲ್ಯಾವೆಂಡರ್. ಅದು ತಂಪು ಬೆಟ್ಟಗಳ ಗಿಡ, ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲುವುದಲ್ಲ. ಅವಳು ಬೀಜ ತರಿಸಿ ಟ್ರೇಗಟ್ಟಲೆ ಎಬ್ಬಿಸಿ, ಬೇಸಿಗೆಗೆ ಒಪ್ಪಿಸಿ, ಟ್ರೇಗಟ್ಟಲೆ ಎಸೆದಿದ್ದಳು. ಹಲವು ವರ್ಷ ಹೀಗೇ ನಡೆದ ಮೇಲೆ ಒಂದೇ ಒಂದು ಸಸಿ ಬಿಸಿಲು ತಡೆದು ಹೂ ಬಿಟ್ಟಿತು. ಆ ಒಂದು ಗಿಡದ ಉಗುರಿನಷ್ಟು ಚಿಗುರು ಕತ್ತರಿಸಿ, ಬಾಟಲಿಯಲ್ಲಿ ಗಿಡದ ಆಹಾರ ಬೆರೆಸಿದ ಜೆಲ್ಲಿಯ ಮೇಲೆ ಇಟ್ಟಳು. ಅದು ಪೊದೆಯಾಯಿತು. ಪೊದೆಯನ್ನು ತುಂಡು ಮಾಡಿ ಬೇರೆ ಬೇರೆ ಬಾಟಲಿಗಳಿಗೆ ಹಾಕಿದಳು. ಹೀಗೆ ಬೆಳೆದ ರ‍್ಯಾಕುಗಳನ್ನು ನಾನು ಕಣ್ಣಾರೆ ನೋಡಿದ್ದೆ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಸಾಲು ಸಾಲು ಬಾಟಲಿ, ಎಲ್ಲದರಲ್ಲೂ ಅದೇ ಗಿಡ. ಮಕ್ಕಳಲ್ಲ, ತಂಗಿಯರಲ್ಲ, ಅದೇ. “ಇದಕ್ಕೆ ಸಾವೇ ಇಲ್ಲ ದೊಡ್ಡಮ್ಮ, ನಾನು ಬಾಟಲಿ ಬದಲಿಸ್ತಾ ಇರೋತನ,” ಎಂದಿದ್ದಳು ಆವತ್ತು.

ಈಗ ಅವೆಲ್ಲ ಕುದಿಯುತ್ತಿದ್ದವು. ಗಿಡದ ಒಳಗೇ ಅಡಗಿದ್ದ ಯಾವುದೋ ಬ್ಯಾಕ್ಟೀರಿಯಾ ಹೊರಗೆ ಬಂದು, ಒಂದೊಂದು ಬಾಟಲಿಯಲ್ಲೂ ಬುಡದ ಸುತ್ತ ಹಾಲು ಚೆಲ್ಲಿದಂತೆ ಬಿಳಿ ಉಂಗುರ ಕಟ್ಟಿತ್ತು. ಎಲ್ಲ ಒಂದೇ ಗಿಡವಾದ್ದರಿಂದ ಎಲ್ಲದಕ್ಕೂ ಒಂದೇ ರೋಗ. ಹಾಗೇ ಎಸೆದರೆ ಬಾಳೆಗೂ ಹರಡೀತೆಂದು, ಮುಚ್ಚಳ ಸಮೇತ ದೊಡ್ಡ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿಗೆ ಹಾಕಿ ಬೇಯಿಸಿ ಕೊಲ್ಲುತ್ತಿದ್ದಳು. ಹಿತ್ತಲಿನಲ್ಲಿದ್ದ ತಾಯಿಗಿಡ ಕಳೆದ ಮಳೆಗಾಲದಲ್ಲೇ ಹೋಗಿತ್ತು.

“ನೀನ್ಯಾಕೆ ಬರಾಕೆ ಹೋದೆ ದೊಡ್ಡಮ್ಮ? ಇದೇನು ನೋಡೋ ಅಂಥದ್ದಾ?” ಎಂದಳು, ಕೈಗವಸು ತೆಗೆಯುತ್ತ. ಕಣ್ಣು ಕೆಂಪಗಿತ್ತು. ಹಬೆಗೆ ಇರಬಹುದು.

“ಫೋನಿನಲ್ಲಿ ನಿನ್ನ ವಾಯ್ಸ್ ಸರಿ ಇರಲಿಲ್ಲ. ಅದಕ್ಕೆ ಬಂದೆ.”

ಅವಳಿಗೆ ಉಳಿದಿದ್ದುದು ಒಂದೇ ದಾರಿ. ರೋಗ ಕಾಣುವ ಮುಂಚೆ, ಆರೋಗ್ಯವಾಗಿದ್ದ ಕಾಲದ ಗಿಡಗಳನ್ನು ಮೂರು ಮನೆಗಳಿಗೆ ಕೊಟ್ಟಿದ್ದಳು. ಹೊನ್ನಾಳಿಯ ಹತ್ತಿರ ಒಂದು, ನ್ಯಾಮತಿಯಲ್ಲಿ ಒಂದು, ಜಗಳೂರಿನಲ್ಲಿ ಒಂದು. ಅವುಗಳಲ್ಲಿ ಯಾವುದಾದರೂ ಒಂದು ಬದುಕಿದ್ದರೆ, ಅದರ ಒಂದು ಹಸಿ ಚಿಗುರು ಸಿಕ್ಕರೆ, ಮತ್ತೆ ಶುರು ಮಾಡಬಹುದು. ಇಲ್ಲವಾದರೆ ಆ ಗಿಡ ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ. ಮೂವರಿಗೂ ಫೋನು ಮಾಡಿದ್ದಳು. ಮೂವರೂ “ಐತೆ, ಬರ್ರಿ” ಅಂದಿದ್ದರು.

ಅವಳ ಬ್ಯಾಗಿನಲ್ಲಿ ಬ್ಲೇಡು, ಸ್ಪಿರಿಟ್ಟು, ಮುಚ್ಚಳ ಬಿಗಿದ ಸಣ್ಣ ಗಾಜಿನ ಟ್ಯೂಬುಗಳು ಇದ್ದವು. ನನ್ನ ಬ್ಯಾಗಿನಲ್ಲಿ ಬಿಪಿ ಮಾತ್ರೆ ಮತ್ತು ಗ್ಲೂಕೋಸ್ ಬಿಸ್ಕತ್ತು. ಹನ್ನೊಂದರ ಬಸ್ಸು ಹಿಡಿದೆವು.

ಹೊನ್ನಾಳಿಗೆ ಸುಮಾರು ನಲವತ್ತು ಕಿಲೋಮೀಟರು. ಬಸ್ಸು ಎಲ್ಲ ಊರಿನಲ್ಲೂ ನಿಂತು ಹೋಗುವಂಥದ್ದು. ದಾರಿಯುದ್ದಕ್ಕೂ ಅಡಿಕೆ, ನಡುವೆ ಕಾಲುವೆ ನೀರಿನ ಗದ್ದೆಗಳಲ್ಲಿ ಬೇಸಿಗೆ ಭತ್ತದ ನಾಟಿ ನಡೆದಿತ್ತು. ನೀರು ನಿಂತ ಮಡಿಗಳನ್ನು ನೋಡುತ್ತ ಶೈಲಾ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಲ್ಯಾವೆಂಡರಿಗೆ ಬಿಸಿಲಿಗಿಂತ ದೊಡ್ಡ ಶತ್ರು ಬುಡದಲ್ಲಿ ನಿಲ್ಲುವ ನೀರು. ತುಂಗಭದ್ರೆಯ ಸೇತುವೆ ದಾಟುವಾಗ ಕೆಳಗೆ ನದಿ ಬಂಡೆಗಳ ನಡುವೆ ಎರಡು ಮೂರು ಪಟ್ಟಿಯಾಗಿ ಹರಿಯುತ್ತಿತ್ತು. ಬಟ್ಟೆ ಒಗೆಯುವವರ ಸದ್ದು ಬಸ್ಸಿನವರೆಗೂ ಕೇಳಿತು.

ಸ್ಟ್ಯಾಂಡಿನಲ್ಲಿ ಕೊಟ್ರಪ್ಪ ಬೈಕು ಹಿಡಿದು ಕಾದಿದ್ದರು. ಶೈಲಾಳ ಹತ್ತಿರ ಬಾಳೆ ಸಸಿ ಕೊಳ್ಳುವ ರೈತರು, ಅರವತ್ತು ದಾಟಿದ, ಬಾಯಿ ತುಂಬ ಎಲೆ ಅಡಿಕೆಯ ಮನುಷ್ಯ. ನನ್ನನ್ನು ನೋಡಿ ಬೈಕು ಸ್ಟ್ಯಾಂಡಿಗೆ ಹಾಕಿ ಆಟೋ ಕರೆದರು. ತೋಟ ಊರ ಹೊರಗೆ ಅಷ್ಟೇನೂ ದೂರವಿರಲಿಲ್ಲ.

“ನೋಡ್ರಿ ಶೈಲವ್ವಾರೇ, ಎಂಥಾ ನೆಳ್ಳಿನಾಗೆ ಇಟ್ಟೀನಿ,” ಎನ್ನುತ್ತ ಅವರು ಮುಂದೆ ನಡೆದರು. “ಫಾರಿನ್ ಗಿಡ, ಬಿಸಿಲು ತಡೆಯಂಗಿಲ್ಲ ಅಂತ ಒಂದಿನಾನೂ ಬಿಸಿಲಿಗೆ ಬಿಟ್ಟಿಲ್ಲ. ಈಗ ಸ್ವಲ್ಪ ಎಲೆ ಉದುರಿಸ್ಕೊಂಡೈತೆ. ಮತ್ತೆ ಚಿಗುರ್ತೈತೆ.”

ಅಡಿಕೆ ಮರಗಳ ನಡುವೆ, ಡ್ರಿಪ್ ಪೈಪಿನ ಪಕ್ಕದಲ್ಲಿ, ಇಟ್ಟಿಗೆ ಕಟ್ಟೆಯೊಳಗೆ ಒಂದು ಕಡ್ಡಿಗಳ ಗೊಂಚಲು ನಿಂತಿತ್ತು. ಸುತ್ತ ಮಣ್ಣು ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಹಿಂದೆಯೇ ಬಂದ ಅವರ ಹೆಂಡತಿ ಗೌರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ದಿನಾ ಎರಡು ಹೊತ್ತು ನೀರು ಕಣ್ರೀ,” ಎಂದರು ನನಗೆ. “ನಾನು ಒಂದು ಲೋಟ ನೀರು ಕೇಳಿದ್ರೆ ಎದ್ದೋಗಿ ಕುಡಿ ಅಂತಾರೆ ಈ ಯಜಮಾನ್ರು. ಇದಕ್ಕೆ ಮಾತ್ರ ಕೊಡ ಹೊತ್ಕೊಂಡು ಬರೋರು. ಡ್ರಿಪ್ ಐತಲ್ರೀ ಅಂದ್ರೆ, ಡ್ರಿಪ್ಪು ಸಾಲಂಗಿಲ್ಲ ಅನ್ನೋರು.”

“ನೀರು ಕಮ್ಮಿ ಹಾಕ್ರಿ ಅಂದಿದ್ದೆ ಅಣ್ಣ,” ಎಂದಳು ಶೈಲಾ ಮೆಲ್ಲಗೆ.

“ಕಮ್ಮೀನೇ ಹಾಕಿದ್ದು! ಅಡಿಕೆಗೆ ಹಾಕೋದ್ರಾಗೆ ಕಾಲು ಭಾಗಾನೂ ಇಲ್ಲ. ನೀವೇ ಅಳತೆ ನೋಡ್ರಿ ಬೇಕಾದ್ರೆ.”

ಶೈಲಾ ಕುಕ್ಕರುಗಾಲಿನಲ್ಲಿ ಕೂತು ಗಿಡದ ಬುಡ ಹಿಡಿದಳು. ಎಳೆಯಬೇಕಾಗಲೇ ಇಲ್ಲ. ಅದು ಕೈಯೊಳಗೇ ಬಂತು, ಬೆಣ್ಣೆಯಿಂದ ಚಮಚ ಬಂದ ಹಾಗೆ. ಬೇರು ಇದ್ದ ಜಾಗದಲ್ಲಿ ಕಪ್ಪು ನಾರು. ಅವಳು ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಳು, ಇನ್ನೊಂದು, ಮತ್ತೊಂದು. ಎಲ್ಲಿಯೂ ಹಸಿರಿರಲಿಲ್ಲ.

“ಸತ್ತೈತಾ?” ಎಂದರು ಕೊಟ್ರಪ್ಪ.

“ಹೌದಣ್ಣ.”

“ದೀಪಾವಳಿಗೆ ಎಲೆ ಇತ್ತಲ್ಲ!” ಎಂದು ಹೆಂಡತಿಯ ಕಡೆ ತಿರುಗಿದರು, ಅವರೇ ಸಾಕ್ಷಿ ಎನ್ನುವಂತೆ. ಕೊಟ್ರಪ್ಪ ಪಂಪಿನ ಮನೆಯ ಕಡೆ ಹೋಗಿ ಬಹಳ ಹೊತ್ತು ಕೈ ತೊಳೆದರು. ಆ ಕೈಗೆ ಮಣ್ಣೇ ಆಗಿರಲಿಲ್ಲ.

ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಗೌರಮ್ಮ ನನ್ನ ತಟ್ಟೆಗೆ ತುಪ್ಪ ಸುರಿಯುವಾಗ “ಸಾಕು, ಸಾಕು” ಅನ್ನುತ್ತಲೇ ಇದ್ದೆ. ಅವರು ಸುರಿಯುತ್ತಲೇ ಇದ್ದರು. ಇವರ ಮನೆಯಲ್ಲಿ ಯಾವುದಕ್ಕೂ ಕಮ್ಮಿ ಮಾಡಿ ಗೊತ್ತಿಲ್ಲ. ಆ ಗಿಡ ಸತ್ತದ್ದೂ ಹಾಗೆಯೇ. ಹೊರಡುವಾಗ ಕೊಟ್ರಪ್ಪ ಶೈಲಾಳನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಕೊಡ್ರಿ ಮೇಡಂ, ಈ ಸಲ ಕಣ್ಣಾಗೆ ಕಣ್ಣಿಟ್ಟು ನೋಡ್ಕಂತೀನಿ,” ಎಂದದ್ದು ಕೇಳಿಸಿತು. ಇನ್ನೊಂದು ಇಲ್ಲವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆಗಲಿ ಎನ್ನುವಂತೆ ತಲೆ ಆಡಿಸಿದಳು.

ನ್ಯಾಮತಿಗೆ ಖಾಸಗಿ ಬಸ್ಸು ಸಿಕ್ಕಿತು. ಅದರಲ್ಲಿ ಆಧಾರ್ ಕಾರ್ಡು ನಡೆಯುವುದಿಲ್ಲ, ದುಡ್ಡು ಕೊಟ್ಟೆವು. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನ ಒಂದು ದೊಡ್ಡ ಊರಾಗಿತ್ತು, ಈಗ ಅದೇ ಒಂದು ತಾಲ್ಲೂಕು. ಆದರೂ ನನ್ನ ಕಣ್ಣಿಗೆ ಅದೇ ಹಳೆಯ ಪೇಟೆ. ಗೊಬ್ಬರದಂಗಡಿ, ಬಟ್ಟೆಯಂಗಡಿ, ಮೆಕ್ಕೆಜೋಳದ ಚೀಲ ಹೇರಿಕೊಂಡು ಬೈಕುಗಳಿಗೆ ದಾರಿ ಬಿಡದೆ ನಿಂತ ಟ್ರ್ಯಾಕ್ಟರು.

ನಿರ್ಮಲಾ ಶೈಲಾಳ ಸ್ಕೂಲ್‌ಮೇಟ್. ಕೆಳಗೆ ಗಂಡನ ಬಟ್ಟೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತಿ ನನಗೆ ಏದುಸಿರು ಬಂದಿತ್ತು, ನೀರು ಕೊಟ್ಟು ಫ್ಯಾನು ಹಾಕಿದಳು. ಮಾತು ಜೋರು, ನಗು ಅದಕ್ಕಿಂತ ಜೋರು.

“ಲೇ ಶೈಲಿ, ಎಷ್ಟು ಇಳಿದ್‌ಹೋಗೀಯೆ! ಊಟ ಮಾಡ್ತೀಯೋ ಇಲ್ಲ ಆ ಜೆಲ್ಲೀನೇ ತಿಂತೀಯೋ?”

“ಗಿಡ ಎಲ್ಲೇ?” ಎಂದಳು ಶೈಲಾ. ಬಾಲ್ಕನಿಯ ಕುಂಡಗಳನ್ನು ಆಗಲೇ ನೋಡಿ ಬಂದಿದ್ದಳು. ದಾಸವಾಳ, ತುಳಸಿ, ಅಲೋವೆರಾ ಅಷ್ಟೇ.

“ಇಟ್ಟಲ್ಲೇ ಐತೆ ಬಾ.”

ಹಾಲಿನ ಶೋಕೇಸು. ಮಗಳ ಖೋಖೋ ಕಪ್ಪು, ಗಾಜಿನ ತಾಜ್‌ಮಹಲು, ನಡುವೆ ಒಂದು ಬಾಟಲಿ. ಬಾಟಲಿಯ ಹೊಟ್ಟೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಲ್ಯಾಬಿನ ಆಯುಧಪೂಜೆಯ ದಿನ ಬಂದವರಿಗೆಲ್ಲ ತೆಂಗಿನಕಾಯಿ, ರವಿಕೆ ಕಣ ಕೊಟ್ಟಿದ್ದಳು ಶೈಲಾ. ಆತ್ಮೀಯಳೆಂದು ಇವಳಿಗೊಬ್ಬಳಿಗೆ ತಾಂಬೂಲದ ಜೊತೆ ಲ್ಯಾವೆಂಡರಿನ ಬಾಟಲಿಯನ್ನೂ ಕೊಟ್ಟಿದ್ದಳು. ಮನೆಗೆ ಹೋಗಿ ತೆಗೆದು ಕುಂಡಕ್ಕೆ ನೆಡು ಎಂದು.

ಒಳಗೆ ಜೆಲ್ಲಿ ಒಣಗಿ ಹಳೆಯ ಗೋಂದಿನ ಹಾಗೆ ತಳಕ್ಕೆ ಅಂಟಿತ್ತು. ಅದರ ಮೇಲೆ ಚಹಾಪುಡಿಯ ಬಣ್ಣದ ನಾಲ್ಕು ಎಳೆ.

“ಯಾಕೆ ಹೊರಗೆ ನೆಡಲಿಲ್ಲ?”

“ಮುಚ್ಚಳ ತೆಗೀಬ್ಯಾಡ ಅಂದಿದ್ದು ನೀನೇ ಅಲ್ವೇನೇ! ನಾನು ನಿನ್ನ ಲ್ಯಾಬಾಗೆ ಒಂದು ಬಾಟಲಿ ಎತ್ತಿ ನೋಡಿದ್ದಕ್ಕೆ ಹೆಂಗೆ ಕೂಗಾಡಿದ್ದೆ? ಗಾಳಿ ಹೋದ್ರೂ ಸಾಯ್ತೈತೆ ಅಂತ. ಚಪ್ಪಲಿ ಬಿಡಿಸಿದೆ, ತಲೆಗೆ ಟೋಪಿ ಹಾಕಿಸಿದೆ. ಅಂಥಾದ್ನ ನಾನು ಬಾಲ್ಕನಿಯಾಗೆ ಇಡ್ಲಾ? ನಮ್ಮನೆಯವ್ರು ತೆಗೆದು ನೋಡಾಕೆ ಹೋದ್ರೆ ಕೈ ಮೇಲೆ ಹೊಡೆದೀನಿ. ಶುಕ್ರವಾರ ಶುಕ್ರವಾರ ನಾನೇ ಒರೆಸಿ ಇಡ್ತೀನಿ.”

ಶೈಲಾ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಯಾವತ್ತೂ ತೆಗೆಯದ ಮುಚ್ಚಳ. ಹುಳ ಇಲ್ಲ, ಬೂಸ್ಟು ಇಲ್ಲ, ರೋಗವೂ ಇಲ್ಲ. ಅವಳ ಲ್ಯಾಬಿನಲ್ಲೂ ಉಳಿಯದಷ್ಟು ಶುದ್ಧವಾಗಿ ಸತ್ತಿತ್ತು. ನಿರ್ಮಲಾ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

“ಈ ಗಿಡ ಹಿಂಗೇ ಇರ್ತೈತೆ ಅಂದ್ಕೊಂಡಿದ್ದೆ ಆಂಟಿ. ಒಣಗಿದ ಹೂವಿನ ಥರ. ಅಂಗಡಿಗಳಾಗೆ ಇಡ್ತಾರಲ್ಲ,” ಎಂದಳು. ಆಮೇಲೆ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಶೋಕೇಸಿನಲ್ಲೇ ಇಟ್ಟಳು.

ಸಂಜೆಯ ಬಸ್ಸಿಗೆ ದಾವಣಗೆರೆಗೆ, ನನ್ನ ಮನೆಗೆ. ನಾನು ಕಿಟಕಿಯಿಂದ ಬರುವ ತಣ್ಣನೆ ಗಾಳಿಗೆ ಸೆರಗು ಹೊದ್ದು ಕೂತಿದ್ದೆ. ಈ ಗಿಡದ ಮೇಲೆ ನನಗೆ ಯಾಕಿಷ್ಟು ಸೆಂಟಿಮೆಂಟು ಎಂದು ಕೇಳಿದರೆ ಹೇಳಲು ದೊಡ್ಡ ಕಾರಣವೇನಿಲ್ಲ. ಕಾನ್ವೆಂಟ್ ಬೋರ್ಡಿಂಗಿನಲ್ಲಿ ಲಿನನ್ ಕಬೋರ್ಡಿನ ಬೀಗದ ಕೈ ಒಬ್ಬ ವಯಸ್ಸಾದ ಸಿಸ್ಟರ್ ಹತ್ತಿರ ಇರುತ್ತಿತ್ತು. ಶನಿವಾರ ಬೆಡ್‌ಶೀಟ್ ಬದಲಿಸುವಾಗ ಅವರು ಬಾಗಿಲು ತೆರೆದರೆ ಒಂದು ವಾಸನೆ ಬರುತ್ತಿತ್ತು. “ಲ್ಯಾವೆಂಡರ್, ಚೈಲ್ಡ್, ಫ್ರಮ್ ಹೋಮ್,” ಎನ್ನುತ್ತಿದ್ದರು. ಅವರ ಹೋಮ್ ಯಾವ ದೇಶದ್ದೋ ನಾನು ಕೇಳಿರಲಿಲ್ಲ. ಅವರು ಹಿಂತಿರುಗಿ ಹೋಗಲೂ ಇಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಲ್ಲೇ ತೀರಿಕೊಂಡರು. ಆ ವಾಸನೆ ನಮ್ಮ ಮಣ್ಣಿನಲ್ಲಿ ಹುಟ್ಟುತ್ತದೆ ಎಂದು ಶೈಲಾ ತೋರಿಸಿದ ದಿನ ನಾನು ಅತ್ತಿದ್ದೆ. ಇಷ್ಟೇ ವಿಷಯ.

ರಾತ್ರಿಯ ಊಟಕ್ಕೆ ಮಂಡಕ್ಕಿ, ಮಿರ್ಚಿ ತಂದಳು. ಮಿರ್ಚಿ ಆರಿಹೋಗಿತ್ತು. “ಜಗಳೂರಲ್ಲಿ ಇರ್ತೈತೆ ಅನ್ಸುತ್ತೆ,” ಎಂದಳು, ನನಗೆ ಹೇಳಿದಳೋ ತಟ್ಟೆಗೆ ಹೇಳಿದಳೋ.

ಮರುದಿನ ಮಧ್ಯಾಹ್ನದ ಊಟ ಮುಗಿಸಿ ಹೊರಟೆವು. ಬೆಳಿಗ್ಗೆ ನನ್ನ ಮಂಡಿ ಏಳಲು ಒಪ್ಪಿರಲಿಲ್ಲ. ದಾವಣಗೆರೆಯಿಂದ ಜಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಹಸಿರು ತೆಳ್ಳಗಾಗುತ್ತ ಬಂತು. ಬಿಳಿಚೋಡು ಬರುವಷ್ಟರಲ್ಲಿ ಅಡಿಕೆಯೂ ಇಲ್ಲ, ಕಾಲುವೆಯೂ ಇಲ್ಲ. ಕೊಯ್ದ ಮೆಕ್ಕೆಜೋಳದ ಕೂಳೆ, ಅದರಲ್ಲಿ ಮೇಯುವ ಕುರಿಹಿಂಡು. ಕುರಿಗಳು ಅಡ್ಡ ಬಂದು ಬಸ್ಸು ನಿಂತಿತು. ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದ ಮುದುಕನಿಗೆ ಡ್ರೈವರು, “ಯಜಮಾನಾ, ಇವಕ್ಕೂ ಫ್ರೀ ಟಿಕೆಟ್ ಐತೇನು? ಹತ್ತಿಸ್ಲಾ?” ಎಂದು ಕೂಗಿದ. “ಹೆಣ್ಣು ಮಾತ್ರ ಹತ್ತಿಸ್ಕೊಳ್ಳಪ್ಪಾ, ಟಗರು ನಡ್ಕೊಂಡು ಬರ್ತಾವೆ,” ಎಂದ ಮುದುಕ. ಬಸ್ಸೆಲ್ಲ ನಕ್ಕಿತು. ಶೈಲಾಳೂ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ. ಕಿಟಕಿಯ ಹೊರಗೆ ಕಲ್ಲುಮಿಶ್ರಿತ ಕೆಂಪು ನೆಲ ತೋರಿಸಿ, “ಇದು ಅದರ ಜಾಗ ದೊಡ್ಡಮ್ಮ. ನೀರು ನಿಲ್ಲಲ್ಲ, ಗಾಳಿ ಐತೆ,” ಎಂದಳು.

ಇಮಾಮ್‌ಸಾಬರು ಪಿಂಜಾರರು, ಹಾಸಿಗೆ ದಿಂಬು ಮಾಡುವವರು. ವರ್ಷಕ್ಕೊಮ್ಮೆ ಚನ್ನಗಿರಿಗೆ ಬಂದು ಮನೆಮನೆಯ ಹಳೆಯ ಹಾಸಿಗೆ ಬಿಚ್ಚಿ ಹತ್ತಿ ಹಿಂಜಿ ಹೊಲಿದುಕೊಡುತ್ತಿದ್ದರು. ಹತ್ತಿಯ ಜೊತೆ ಒಣಗಿದ ಲ್ಯಾವೆಂಡರು ಸೇರಿಸಿದರೆ ದಿಂಬಿಗೆ ವಾಸನೆ ಬರುತ್ತದೆಂದು ಶೈಲಾ ಹೇಳಿದಾಗ, “ನಮ್ಮನೆಯಾಕೆ ಬೆಳೆಸ್ತಾಳೆ ಕೊಡ್ರಿ, ಆಕೆ ಕೈಗುಣ ಚಲೋ ಐತೆ,” ಎಂದು ಒಂದು ಸಸಿ ತೆಗೆದುಕೊಂಡು ಹೋಗಿದ್ದರು. ಕಳೆದ ವರ್ಷ ಅವರು ಬಂದಿರಲಿಲ್ಲ.

ಅಂಗಡಿಯಲ್ಲಿ ಹತ್ತಿಯ ಧೂಳಿನ ನಡುವೆ ಕೂತಿದ್ದರು. ಗಡ್ಡ, ಹುಬ್ಬು, ಟೋಪಿ ಎಲ್ಲದರ ಮೇಲೂ ಬಿಳಿ ಎಳೆ. ಸೊಸೆ ಚಹಾ ತಂದುಕೊಟ್ಟಳು. ಗಿಡ ನೋಡಬೇಕೆಂದಾಗ ಅವರು ಲೋಟ ಕೆಳಗಿಟ್ಟರು.

“ಐತ್ರಿ. ಚಲೋ ಐತೆ. ಆದ್ರೆ ಮನೆಯಾಗೆ ಇಲ್ಲ,” ಎಂದರು. “ನಮ್ಮನೆಯಾಕೆ ಜೈನಬ್ಬಿ ತೀರ್ಕೊಂಡ್ಲು, ಹೋದ ವರ್ಷ. ಆಕೇನೇ ಸಾಕಿದ್ಲು ಅದನ್ನ. ಡಬ್ಬೀಲಿಂದ ತೆಗೆದು ಆಕೆ ಗೋರಿ ಮ್ಯಾಲೆ ಹಾಕೀನಿ.”

ಶೈಲಾ ನನ್ನ ಕಡೆ ನೋಡಿದಳು. ನಾನು ಅವರಿಗೆ “ಐ ಆಮ್ ಸೋ ಸಾರಿ” ಎಂದೆ. ಕನ್ನಡದಲ್ಲಿ ಆ ಹೊತ್ತಿಗೆ ಏನೂ ಬಾಯಿಗೆ ಬರಲಿಲ್ಲ.

ಕಬರಸ್ತಾನ ಊರಿನ ಅಂಚಿನಲ್ಲಿ, ದಾವಣಗೆರೆ ರಸ್ತೆಗೆ ತಾಗಿಕೊಂಡಿದೆ. ಪಕ್ಕದಲ್ಲಿ ಸಣ್ಣ ಮಸೀದಿ. ಗೇಟಿನ ಹತ್ತಿರ ಇಮಾಮ್‌ಸಾಬರು ನಿಂತರು. “ಹೆಣ್ಮಕ್ಕಳು ಒಳಗೆ ಬರಂಗಿಲ್ರಿ, ನಮ್ಮ ಕಡೆ ಹಂಗೆ. ಗ್ವಾಡಿ ಕಡೆಯಿಂದ ಬರ್ರಿ, ಕಾಣ್ತೈತೆ,” ಎಂದು ಹೊರಗಿನಿಂದಲೇ ಸುತ್ತಿಸಿ ಕರೆದೊಯ್ದರು. ಕಲ್ಲಿನ ಗೋಡೆ, ನನ್ನ ಎದೆಯ ಎತ್ತರ. ಅದರ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮಣ್ಣಿನ ಗೋರಿಯ ತಲೆಯ ಕಡೆ ಅದು ಇತ್ತು. ಬೂದಿ ಬಣ್ಣ ಬೆರೆತ ಹಸಿರು, ಒಂದು ಬುಟ್ಟಿಯಷ್ಟು ದೊಡ್ಡ ಪೊದೆ, ಮೇಲೆ ಒಣಗಿದ ತೆನೆಗಳು, ನಡುವೆ ಇನ್ನೂ ನೀಲಿ ಉಳಿದ ನಾಲ್ಕಾರು ಹೂವು. ಗಾಳಿ ಬೀಸಿದಾಗ ವಾಸನೆ ಬಂತು. ಬೆಂದದ್ದಲ್ಲ, ನಿಜವಾದದ್ದು. ನಾನು ಗೋಡೆಯನ್ನು ಹಿಡಿದುಕೊಂಡೆ.

ಶೈಲಾ ತನ್ನ ಕಷ್ಟವನ್ನೆಲ್ಲ ಹೇಳಿದಳು. ಬಾಟಲಿಗಳು ಹೋದದ್ದು, ಹೊನ್ನಾಳಿ, ನ್ಯಾಮತಿ ಎಲ್ಲ. ಇಮಾಮ್‌ಸಾಬರು ತಲೆ ಬಗ್ಗಿಸಿ ಕೇಳಿದರು.

“ಒಂದು ಚಿಗುರು ಸಾಕು ಸಾಬ್ರೆ. ನನ್ನ ಉಗುರಿನಷ್ಟು. ಗಿಡಕ್ಕೆ ಗೊತ್ತೂ ಆಗಲ್ಲ.”

“ಶೈಲಮ್ಮಾರೆ, ಗಿಡ ನಿಮ್ದೇ. ಇಲ್ಲ ಅನ್ನಾಕೆ ನಂಗೆ ಬಾಯಿಲ್ಲ. ಆದ್ರೆ ಗೋರಿ ಮ್ಯಾಲಿಂದು ಹಸಿರು ಕೀಳಬಾರ್ದು ಅಂತಾರೆ ನಮ್ಮಾಗೆ. ಹಸಿರು ಇರೋತನ ಅದು ದೇವರ ಹೆಸರು ಹೇಳ್ತಿರ್ತೈತೆ, ಒಳಗೆ ಮಲಗಿದಾಕೆಗೆ ಅಷ್ಟು ಹಗುರ ಆಗ್ತೈತೆ. ಆಕೆ ಭಾಳ ನೋವುಂಡು ಹೋದ್ಲು ರೀ. ಒಂದು ಚಿಗುರು ಅಂದ್ರೂ ಆಕೆದು ಅಷ್ಟು ಕಡಿಮೆ ಆದಂಗೆ ಅಲ್ವಾ?”

“ನಾನು ನೂರು ಗಿಡ ಮಾಡಿ ತಂದುಕೊಡ್ತೀನಿ. ನಿಮಗೇ, ಇಲ್ಲಿಗೇ.”

“ನೂರು ಗಿಡ ನಂಗ್ಯಾಕ್ರಿ? ನಂಗಿರೋದು ಒಂದೇ ಗೋರಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಆಜಾನು ಕೇಳಿತು. “ಇರ್ರಿ, ಬರ್ತೀನಿ,” ಎಂದು ಹೆಗಲ ಟವೆಲು ಸರಿಮಾಡಿಕೊಂಡು ಹೊರಟುಹೋದರು.

ನಾವಿಬ್ಬರೇ ಉಳಿದೆವು. ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಆಮೇಲೆ ಯಾರೂ ಇಲ್ಲ. ಶೈಲಾ ಬ್ಯಾಗಿನ ಜಿಪ್ಪು ತೆಗೆದಳು. ಬ್ಲೇಡು ಕೈಗೆ ತೆಗೆದುಕೊಂಡಳು. ಅವಳ ಇನ್ನೊಂದು ಕೈ ಗೋಡೆ ದಾಟಿ ಹೋಗಿ ಪೊದೆಯ ಮೇಲೆ ನಿಂತಿತು.

“ತಗೊಂಡ್‌ಬಿಡು ಶೈಲಾ,” ಎಂದೆ ನಾನೇ. “ಗಾಡ್ ವಿಲ್ ಅಂಡರ್‌ಸ್ಟ್ಯಾಂಡ್. ನಮ್ಮದೋ ಅವರದೋ, ಯಾರೋ ಒಬ್ಬರು.”

ಅವಳು ಒಂದು ಎಲೆಯನ್ನೂ ಮುರಿಯದೆ ರೆಂಬೆಗಳನ್ನು ಸರಿಸಿ ಬುಡ ನೋಡಿದಳು. ಬಗ್ಗಿ ನೋಡಿದಳು. ಬೆರಳು ಮೂಸಿಕೊಂಡಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಳು.

“ನಮ್ಮನ್ನ ನಂಬಿ ಬಿಟ್ಟು ಹೋಗ್ಯಾರೆ ದೊಡ್ಡಮ್ಮ.”

ನನಗೆ ಬೇರೆಯೇ ಅನುಮಾನ ಇತ್ತು. ಬಾಯಿಬಿಟ್ಟು ಕೊಡಲಾಗದೆ, ನಾವೇ ತೆಗೆದುಕೊಳ್ಳಲಿ ಎಂದು ಬೇಕೆಂದೇ ಎದ್ದು ಹೋದರೇನೋ ಎಂದು. ಆದರೆ ನಮಾಜು ಮುಗಿಸಿ ಬಂದ ಇಮಾಮ್‌ಸಾಬರು ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ. ಗೋಡೆಯ ಆಚೆಗೆ ಕಣ್ಣು ಹಾಯಿಸಿ ಪೊದೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಆಮೇಲೆ ಅವರ ಹೆಗಲು ಇಳಿಯಿತು. ಗೇಟಿನಿಂದ ಒಳಗೆ ಹೋಗಿ, ಗೋರಿಯ ಪಕ್ಕ ಕೂತು, ಒಣಗಿದ ತೆನೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಟವೆಲಿನ ತುದಿಗೆ ಹಾಕಿಕೊಂಡರು. ಹಸಿರು ತಾಗಿದ ಕಡೆ ಕೈ ತಡೆದು, ಉಗುರಿನಲ್ಲಿ ಮೇಲಿನ ಒಣ ಭಾಗವನ್ನಷ್ಟೇ ಮುರಿಯುತ್ತಿದ್ದರು.

“ಒಣಗಿದ್ದು ತಗೋಬಹುದು,” ಎಂದು ಗೋಡೆಯ ಮೇಲಿಂದ ಶೈಲಾಳ ಬೊಗಸೆಗೆ ಸುರಿದರು. “ಇದ್ರಾಗೆ ಏನಾದ್ರೂ ಆಗ್ತೈತಾ ನೋಡ್ರಿ.”

“ಆಗ್ತೈತೆ ಸಾಬ್ರೆ,” ಎಂದಳು ಅವಳು. ಆಗುವುದಿಲ್ಲವೆಂದು ನನಗೂ ಗೊತ್ತಿತ್ತು. ಬಾಟಲಿಯ ಜೆಲ್ಲಿಗೆ ಜೀವವಿರುವ ತುಂಡು ಬೇಕು.

ಇಮಾಮ್‌ಸಾಬರು ರಸ್ತೆಯವರೆಗೂ ಬಂದು ಕೈ ಅಡ್ಡ ಮಾಡಿ ದಾವಣಗೆರೆ ಬಸ್ಸು ನಿಲ್ಲಿಸಿಕೊಟ್ಟರು. “ಅಮ್ಮಾರಿಗೆ ಸೀಟು ಕೊಡ್ಸಪ್ಪಾ,” ಎಂದು ಕಂಡಕ್ಟರಿಗೆ ಕೂಗಿ ಹೇಳಿದರು. ಸೀಟು ಸಿಕ್ಕಿತು. ಶೈಲಾ ಮಡಿಲಲ್ಲಿ ಕಾಗದ ಹರಡಿ ತೆನೆಗಳನ್ನು ಉಜ್ಜಿದಳು. ಹೆಚ್ಚಿನವು ಜೊಳ್ಳು. ಕೊನೆಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಕೆಲವು ಉಳಿದವು.

“ಇವು ಹುಟ್ಟಬಹುದು,” ಎಂದೆ.

“ಹುಟ್ಟಬಹುದು. ಅದರ ಮಕ್ಕಳಾಗ್ತಾವೆ, ಒಂದೊಂದು ಒಂದೊಂದು ಥರ. ಬಿಸಿಲು ತಡೀತಾವೋ ಇಲ್ಲವೋ. ಅದೇ ಗಿಡ ಆಗಲ್ಲ.” ಕಾಗದ ಮಡಿಸಿದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು: “ಅದೂ ಹೋಗ್ತೈತೆ ದೊಡ್ಡಮ್ಮ. ಬುಡ ನೋಡಿದೆನಲ್ಲ. ಕಾಂಡವೆಲ್ಲ ಕಟ್ಟಿಗೆ ಆಗೈತೆ, ನಡುವೆ ಸೀಳೈತೆ. ಲ್ಯಾವೆಂಡರನ್ನ ವರ್ಷಕ್ಕೊಂದು ಸಲ ಕತ್ತರಿಸಲೇಬೇಕು, ಹಸಿರಿನ ಸಮೇತ. ಇಲ್ಲ ಅಂದ್ರೆ ಬುಡ ಹಳೇದಾಗಿ, ಮಳೆಗೆ ಬಾಯಿ ಬಿಟ್ಟು ಸಾಯ್ತೈತೆ. ಇನ್ನೊಂದು ಮಳೆಗಾಲ ಕಳೆದರೆ ಹೆಚ್ಚು.”

ನಾನು ಅವಳ ಕಡೆ ತಿರುಗಿದೆ. “ಹಾಗಾದರೆ ಅವರಿಗೆ ಹೇಳಬೇಕಿತ್ತಲ್ಲೇ! ಕತ್ತರಿಸಿದರೆ ಉಳಿಯುತ್ತೆ ಅಂತ. ಅವರಿಗೂ ಅದೇ ಬೇಕು, ನಿನಗೂ ಅದೇ ಬೇಕು.”

“ಚಿಗುರು ಕೇಳಿ ಇಲ್ಲ ಅನ್ನಿಸಿಕೊಂಡ ಮೇಲೆ ಹೇಳಿದ್ರೆ ಅವರು ಏನಂದ್ಕೊಳ್ತಿದ್ರು?”

“ಆದರೆ ನಿಜ ತಾನೇ?”

“ನಿಜಾನೇ. ಅದಕ್ಕೇ ಹೇಳೋಕಾಗ್ಲಿಲ್ಲ.”

“ಫೋನು ಮಾಡು. ಈಗಲೇ ಮಾಡು.”

“ನನಗೆ ಆ ಚಿಗುರು ಬೇಡ ಅನ್ನಿಸಿದ ದಿನ ಬಂದು ಹೇಳ್ತೀನಿ,” ಎಂದಳು. “ಬ್ಲೇಡು, ಟ್ಯೂಬು ಏನೂ ತರದೆ ಬರ್ತೀನಿ.”

ಆ ದಿನ ಮಳೆಗಾಲಕ್ಕೆ ಮುಂಚೆ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಅವಳ ತಾಯಿಯದೂ ಇದೇ ಸ್ವಭಾವ. ಬೇಕಾದ್ದನ್ನು ಬೇಡ ಅನ್ನಲು ನನ್ನ ತಂಗಿಗೂ ಜೀವಮಾನ ಹಿಡಿದಿತ್ತು. ಜಗಳೂರಿನಲ್ಲಿ ಜನ ಹತ್ತಿ ಮುಗಿದು ಬಸ್ಸು ವೇಗ ಹಿಡಿಯುವ ಮುಂಚೆ ನಾನು ಕುತ್ತಿಗೆ ಹೊರಳಿಸಿ ಹಿಂದೆ ನೋಡಿದ್ದೆ. ಅಲ್ಲಿಂದ ಪೊದೆ ಕಾಣುತ್ತಿರಲಿಲ್ಲ. ಕಲ್ಲಿನ ಗೋಡೆ ಕಾಣುತ್ತಿತ್ತು. ಆಚೆ ಇಮಾಮ್‌ಸಾಬರು ಒಂದು ಚೊಂಬು ನೀರು ಹಿಡಿದುಕೊಂಡು ಗೋರಿಯ ಕಡೆಗೆ ಬಗ್ಗುತ್ತಿದ್ದರು.